ಎಂಜಿನ್ ತೊಳೆಸಿದ ಮೇಲೆ ಆಲ್ಟರ್ನೇಟರ್ ಕಡೆಯಿಂದ ಸದ್ದು: ಬೆಲ್ಟ್ ಬದಲಿಸಲಾ, ಆಲ್ಟರ್ನೇಟರ್ರೇ ಹೊಸದು ಹಾಕಿಸಲಾ?

ಎರಡೂ ಬೇಡ, ಸದ್ಯಕ್ಕಂತೂ ಬೇಡ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ಈ ಬೆಲ್ಟ್. ಮೊದಲು ಅದನ್ನು ಬಿಚ್ಚಿ. ಆಯುಧಪೂಜೆಗೆ ಅಂತ ಎಂಜಿನ್‌ಗೆ ಜೆಟ್ ನೀರು ಹೊಡೆಸಿದಿರಿ, ಮರುದಿನದಿಂದ ಸದ್ದು ಶುರುವಾಯ್ತು, ಅಲ್ವಾ? ನನ್ನದೂ ಇದೇ ಕಥೆ.

ನಾನಿರುವುದು ಪುಣೆಯ ಚಿಂಚವಾಡದಲ್ಲಿ, ಊರು ಬೆಳಗಾವಿ ಕಡೆ. ದಸರೆಗೆ ಊರಿಗೆ ಹೋಗುವ ಮುಂಚೆ ನನ್ನ ಹಳೇ ಮಾರುತಿ 800ರ ಎಂಜಿನ್‌ಗೆ ಡೀಸೆಲ್ ಸಿಂಪಡಿಸಿ, ಜೆಟ್ ಹಿಡಿಸಿ ತೊಳೆಸಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೀಂಯ್ ಅಂತ ಕಿರುಚಿತು. ಸ್ವಲ್ಪ ಹೊತ್ತಿಗೆ ಕಿರುಚಾಟ ನಿಂತಿತು, ಆದರೆ ಅದರಡಿ ಇನ್ನೊಂದು ಸದ್ದು ಉಳಿಯಿತು. ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದ ಹಾಗೆ, ಗರಗರ. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ.

ಇಲ್ಲೇ ನಾನು ಕೆಟ್ಟಿದ್ದು. ಸದ್ದು ಅಂದರೆ ಬೆಲ್ಟ್ ಸಡಿಲ ಅಂದುಕೊಂಡೆ. ಆಲ್ಟರ್ನೇಟರ್ ಹಿಡಿದಿಡುವ ಪಟ್ಟಿಯ ಬೋಲ್ಟ್ ಸಡಿಲಿಸಿ, ರಾಡ್ ಹಾಕಿ ಆಲ್ಟರ್ನೇಟರ್ ಮೀಟಿ, ಬೆಲ್ಟನ್ನು ಬಿಗಿಯೋ ಬಿಗಿ ಮಾಡಿದೆ. ಹೆಬ್ಬೆರಳಿಂದ ಒತ್ತಿದರೆ ಒಂದು ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ ತಗ್ಗಬೇಕು, ನನ್ನದು ಅಲ್ಲಾಡುತ್ತಲೇ ಇರಲಿಲ್ಲ. ನಿಜಕ್ಕೂ ಕೆಟ್ಟಿದ್ದು ಬೇರಿಂಗ್, ಅಂದರೆ ಆಲ್ಟರ್ನೇಟರ್ ಒಳಗಿನ ಅಚ್ಚು ನುಣ್ಣಗೆ ತಿರುಗಲು ಇರುವ ಗುಂಡುಗಳ ಬಳೆ. ಅದಕ್ಕೆ ಸೀಲ್ ಇರುತ್ತೆ, ಮಳೆನೀರು ತಡೆಯುತ್ತೆ, ಆದರೆ ಹತ್ತಿರದಿಂದ ಹೊಡೆದ ಜೆಟ್ ತಡೆಯುವುದಿಲ್ಲ. ನೀರು ಒಳಗೆ ಹೋಗಿ ಗ್ರೀಸ್ ಕೆಡುತ್ತೆ, ಡೀಸೆಲ್ ಸೇರಿದರಂತೂ ಗ್ರೀಸ್ ಕರಗಿಯೇ ಹೋಗುತ್ತೆ. ಅಂಥ ಒಣ ಬೇರಿಂಗನ್ನು ನಾನು ಇನ್ನೂ ಬಿಗಿ ಬೆಲ್ಟ್ ಹಾಕಿ ಒಂದೇ ಕಡೆಗೆ ಎಳೆದೆ. ಆ ಎಳೆತಕ್ಕೆ ಬೇರಿಂಗಿನ ಅಲುಗಾಟ ಅಡಗಿ ಸದ್ದು ತಗ್ಗಿತು ಬೇರೆ. ರಿಪೇರಿ ಆಯ್ತು ಅಂತ ಹೆಂಡತಿ ಮುಂದೆ ಕೊಚ್ಚಿಕೊಂಡೂ ಆಯ್ತು.

ಊರಿಗೆ ಹೋಗುವಾಗ ಪುಣೆ-ಸಾತಾರಾ ನಡುವಿನ ಖಂಬಾಟ್ಕಿ ಘಾಟ್‌ನಲ್ಲಿ ಕೈಕೊಟ್ಟಿತು. ಸಾತಾರಾ ಕಡೆ ಹೋಗುವವರು ಆಗ ಘಾಟ್ ಏರಲೇಬೇಕಿತ್ತು, ಸುರಂಗ ಇದ್ದದ್ದು ಪುಣೆ ಕಡೆ ಬರುವವರಿಗೆ. ಬೇರಿಂಗ್ ಕಚ್ಚಿಕೊಂಡಿತು, ನಿಂತ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಮೇಲೆ ಬೆಲ್ಟ್ ಉಜ್ಜಿ ರಬ್ಬರ್ ಸುಟ್ಟ ವಾಸನೆ ಬಂತು, ಬೆಲ್ಟ್ ಹರಿಯಿತು, ಬ್ಯಾಟರಿಯ ಕೆಂಪು ದೀಪ ಹತ್ತಿತು. ಬ್ಯಾಟರಿ ಮೇಲೆ ಸಾತಾರಾ ಮುಟ್ಟಬಹುದು ಅಂತ ಓಡಿಸಿದೆ. 800ರಲ್ಲಿ ಎಂಜಿನ್ ತಂಪಿಡುವ ನೀರು ಹರಿಸುವ ವಾಟರ್ ಪಂಪ್ ತಿರುಗಿಸುವುದೂ ಅದೇ ಬೆಲ್ಟ್! ಬಿಸಿ ತೋರಿಸುವ ಮುಳ್ಳು ಮೇಲೆ ಹೋದದ್ದು ನೋಡುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್) ಹೋಗಿತ್ತು. ಕೆಲವು ನೂರು ರೂಪಾಯಿಯ ಬೇರಿಂಗಿಗೆ ಹೆಡ್ ಇಳಿಸುವ ಖರ್ಚು.

ಅದಕ್ಕೇ ಹೇಳಿದ್ದು, ಬೆಲ್ಟ್ ಬಿಚ್ಚಿ ಅಂತ. ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಿಸಿ, ಅದಕ್ಕಿಂತ ಜಾಸ್ತಿ ಬೇಡ, ನಿಮ್ಮ ಕಾರಲ್ಲೂ ವಾಟರ್ ಪಂಪ್ ಅದೇ ಬೆಲ್ಟಲ್ಲಿ ಇರಬಹುದು. ಸದ್ದು ನಿಂತರೆ ಬೆಲ್ಟ್ ಅಥವಾ ಅದು ತಿರುಗಿಸುವ ಯಾವುದೋ ಒಂದು ಅಂತಾಯ್ತು. ಎಂಜಿನ್ ಆಫ್ ಮಾಡಿ ಆಲ್ಟರ್ನೇಟರ್ ಪುಲ್ಲಿ ಕೈಯಲ್ಲಿ ತಿರುಗಿಸಿ. ಒಳಗೆ ಮರಳು ಸಿಕ್ಕ ಹಾಗೆ ಕರಕರ ಅಂದರೆ, ಅಥವಾ ಪುಲ್ಲಿ ಮೇಲೆ ಕೆಳಗೆ ಅಲ್ಲಾಡಿದರೆ, ಬೇರಿಂಗ್. ನುಣ್ಣಗೆ ತಿರುಗಿದರೆ ಬೆಲ್ಟ್ ನೋಡಿ. ಡೀಸೆಲ್ ಕುಡಿದು ಉಬ್ಬಿದ್ದರೆ ಹೊಸದೇ ಹಾಕಿ, ಸೋಪು ಪೌಡರ್ ಉಜ್ಜಬೇಡಿ. ಹೆಡ್‌ಲೈಟ್ ಹಾಕಿದ ತಕ್ಷಣ ಸದ್ದಿನ ಸ್ವರ ಬದಲಾಗುತ್ತಿದ್ದರೆ ಡಯೋಡ್ ಮೇಲೆ ಅನುಮಾನ ಇಡಿ, ಆಲ್ಟರ್ನೇಟರ್‌ನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದೇ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಹಿಡಿದರೆ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಮೀಟರನ್ನು ಎಸಿ ವೋಲ್ಟ್ ರೇಂಜಿಗೆ ತಿರುಗಿಸಿದಾಗ ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿರುವ ಸಾಧ್ಯತೆ ಜಾಸ್ತಿ.

ಮುಂದಿನ ವರ್ಷಕ್ಕೆ ಎಣ್ಣೆಜಿಡ್ಡು ತೆಗೆಯುವ ಡಿಗ್ರೀಸರ್ ಯಾವುದು ಒಳ್ಳೇದು ಅಂತಲೂ ಕೇಳಿದ್ದೀರಿ. ಯಾವುದೂ ಅಲ್ಲ, ಒದ್ದೆ ಬಟ್ಟೆ ಸಾಕು. ಪೂಜೆ ಮಾಡುವ ಭಟ್ಟರು ಬಾನೆಟ್ ಎತ್ತಿ ನೋಡುವುದಿಲ್ಲ.

ಬೇರಿಂಗೇ ಆಗಿದ್ದರೆ ಆಲ್ಟರ್ನೇಟರ್ ಬಿಚ್ಚಿಸಿ ಆಟೋ ಇಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ. ಹಳೇ ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತೆ, ಅದನ್ನೇ ಹಿಡಿದು ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಗೆ ಹೋದರೆ ಸಿಗುತ್ತೆ. ಆಲ್ಟರ್ನೇಟರ್ ಹಿಂಬದಿಯ ಬೇರಿಂಗೂ, ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ಷೂ ಒಟ್ಟಿಗೇ ಹಾಕಿಸಿಬಿಡಿ, ಬಿಚ್ಚುವ ಕೂಲಿ ಹೇಗೂ ಕೊಟ್ಟಿರುತ್ತೀರಿ.