‘ಲೆಫ್ಟ್ ಬಿಹೈಂಡ್’ ಓದಿ ಮಗಳು ಹೆದರಿದ್ದರೆ

ಮನೆಯಲ್ಲಿ ಯಾರೂ ಕಾಣದಿದ್ದರೆ ‘ನನ್ನೊಬ್ಬಳನ್ನೇ ಬಿಟ್ಟು ಎಲ್ಲರೂ ಸ್ವರ್ಗಕ್ಕೆ ಹೋದರು’ ಎಂದು ನಿಮ್ಮ ಮಗಳು ಅಳುವುದಕ್ಕೆ ಬಹುಶಃ ‘ಲೆಫ್ಟ್ ಬಿಹೈಂಡ್’ ಕಾದಂಬರಿಯ ಆರಂಭವೇ ಕಾರಣ. ಹಾರುವ ವಿಮಾನದಲ್ಲಿ ಬಟ್ಟೆ ಮಾತ್ರ ಉಳಿದು ಜನ ಮಾಯವಾಗುತ್ತಾರಲ್ಲ, ಅದು. 1995ರಲ್ಲಿ ಅಮೆರಿಕದಲ್ಲಿ ಬಂದ ಈ ಪುಸ್ತಕದಿಂದ ನಂಬಿಕೆ ಗಟ್ಟಿಯಾಯಿತು ಎನ್ನುವ ಓದುಗರಿದ್ದಾರೆ. ಚಿಕ್ಕವರಿದ್ದಾಗ ಓದಿ ನಿದ್ದೆಗೆಟ್ಟವರೂ ಇದ್ದಾರೆ.

ಮೊದಲು ಅವಳ ಮಾತು ಪೂರ್ತಿ ಕೇಳಿ. ‘ಸುಮ್ನೆ ಕತೆ ಅಷ್ಟೇ’ ಎಂದು ತಳ್ಳಿಹಾಕಬೇಡಿ. ನಂಬುವ ಮಗುವಿಗೆ ಅದು ಬರೀ ಕತೆಯಲ್ಲ, ಅಲ್ವಾ? ಆಮೇಲೆ, ಯೇಸು ನಂಬಿದವರನ್ನು ಒಮ್ಮೆಲೇ ಸ್ವರ್ಗಕ್ಕೆ ಕರೆದೊಯ್ಯುತ್ತಾನೆ, ಉಳಿದವರು ಇಲ್ಲೇ ಉಳಿಯುತ್ತಾರೆ ಎನ್ನುವುದು ಬೈಬಲ್ಲನ್ನು ಓದುವ ಒಂದು ಬಗೆ ಮಾತ್ರ ಎಂದು ತಿಳಿಸಿ. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ಇದನ್ನು ಹರಡಿದರು. 1909ರ ಸ್ಕೋಫೀಲ್ಡ್ ಬೈಬಲ್‌ನಿಂದ (ಟಿಪ್ಪಣಿಗಳಿರುವ ಬೈಬಲ್) ಅಮೆರಿಕದಲ್ಲಿ ಜಾಸ್ತಿ ಬೇರೂರಿತು. ಕ್ಯಾಥೊಲಿಕ್, ಆರ್ಥೊಡಾಕ್ಸ್ ಚರ್ಚುಗಳು ಹೀಗೆ ಕಲಿಸುವುದಿಲ್ಲ.

ನಂತರ ಇಬ್ಬರೂ ಕೂತು ಬೈಬಲ್ಲಿನಲ್ಲಿರುವ ಪತ್ರ 1 ಥೆಸಲೋನಿಕ 4:13–18 ಓದಿ. ಸತ್ತವರಿಗಾಗಿ ಅಳುವವರಿಗೆ ಸಮಾಧಾನ ಹೇಳಲು ಅಪೊಸ್ತಲ ಪೌಲ ಬರೆದ ಮಾತುಗಳವು. ಇದನ್ನು ಅವಳಿಗೆ ಒತ್ತಿ ಹೇಳಿ.

ಭಯ ಎಷ್ಟು ಬೇಗ ಇಳಿಯುತ್ತದೋ ಹೇಳಲಾರೆ. ಅಲ್ಲಿಯವರೆಗೆ ಹೊರಗೆ ಹೋಗುವಾಗ ಅವಳಿಗೆ ಹೇಳಿ ಹೋಗಿ. ಕಾದಂಬರಿಯ ಮುಂದಿನ ಭಾಗಗಳನ್ನು ಎತ್ತಿಡಿ. ಊಟ, ನಿದ್ದೆ ಕೆಟ್ಟರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.