ಹೊಂಬಣ್ಣದ ಸ್ಟ್ರಾಂಗ್ ಏಲ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಬೆಲ್ಜಿಯಂ ಶೈಲಿಯ ಗೋಲ್ಡನ್ ಸ್ಟ್ರಾಂಗ್ ಏಲ್ (ಬೆಚ್ಚಗೆ ಹುದುಗಿಸಿದ, ಹೊಂಬಣ್ಣದ, ಬಲವಾದ ಬಿಯರು) ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿದ್ದೇವೆ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ನಮ್ಮ ಸ್ಟ್ರಾಂಗ್ ಬಿಯರೂ ಹಳದಿ, ಇದೂ ಹಳದಿ. ಬಲವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸವೇನು? ಟ್ರಿಪೆಲ್ ಅಂತಾರಲ್ಲ, ಅದೂ ಇದೂ ಒಂದೇನಾ?
– ಓದುಗರೊಬ್ಬರು, ಮುಲುಂಡ್

ಉತ್ತರ: ಬಣ್ಣ, ಬಲ ಹೊಂದಿದರೂ ಹುಟ್ಟು ಬೇರೆ. ನಮ್ಮ ಸ್ಟ್ರಾಂಗ್ ಬಿಯರು ಲಾಗರ್. ಅದರ ಯೀಸ್ಟು ತಂಪಿನಲ್ಲಿ ಹುದುಗುತ್ತದೆ, ತನ್ನ ಪರಿಮಳವನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಬೆಲ್ಜಿಯಂ ಏಲಿನಲ್ಲಿ ಪರಿಮಳದ ಬಹುಪಾಲು ಯೀಸ್ಟಿನದೇ. ಬೆಚ್ಚಗೆ ಹುದುಗುವಾಗ ಅದು ಮರಸೇಬು, ಸೇಬು, ಕಿತ್ತಳೆಯ ನೆನಪು ತರುವ ಎಸ್ಟರುಗಳನ್ನೂ ಕಾಳುಮೆಣಸಿನಂಥ ಫೀನಾಲುಗಳನ್ನೂ ಹುಟ್ಟಿಸುತ್ತದೆ. ಮಸಾಲೆ ಹಾಕಿದ್ದಾರೆ ಎಂದು ಹಲವರು ಊಹಿಸುತ್ತಾರೆ. ಈ ಬಗೆಯಲ್ಲಿ ಮಸಾಲೆ ಹಾಕುವ ರೂಢಿಯಿಲ್ಲ.

ಇದಕ್ಕೆಲ್ಲ ಮಾದರಿ ಬ್ರೀಂಡೊಂಕ್ ಊರಿನ ಮೂರ್ತ್‌ಗಾಟ್ ಬ್ರೂವರಿಯ ಡುವೆಲ್, ಆಲ್ಕೊಹಾಲ್ 8.5%. ಮೊದಲನೆಯ ಮಹಾಯುದ್ಧದ ನಂತರ ‘ವಿಕ್ಟರಿ ಏಲ್’ ಎಂದು ಹೊರಬಂದದ್ದಕ್ಕೆ 1923ರಲ್ಲಿ ಡುವೆಲ್, ಅಂದರೆ ಸೈತಾನ, ಎಂಬ ಹೆಸರಾಯಿತು. ಆಗ ಅದು ಕಡುಬಣ್ಣದ್ದು. ಈಗಿನ ಹೊಂಬಣ್ಣ 1970ರದು. ಬಿಳಿಚು ಪಿಲ್ಸ್ನರ್ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸಕ್ಕರೆ, ಸಾಟ್ಸ್ ಮತ್ತು ಸ್ಟಿರಿಯನ್ ಗೋಲ್ಡಿಂಗ್ ಹಾಪ್ಸು (ಕಹಿ, ಘಮ ಕೊಡುವ ಹೂ), ಕೊನೆಗೆ ಸೀಸೆಯಲ್ಲೇ ಇನ್ನೊಮ್ಮೆ ಹುದುಗು. ಸಾಮಗ್ರಿ ಇಷ್ಟೇ.

ಟ್ರಿಪೆಲ್ ಹತ್ತಿರದ ನೆಂಟ. 1934ರಲ್ಲಿ ಶುರುವಾದ ವೆಸ್ಟ್‌ಮಾಲೆ ಟ್ರಿಪೆಲ್ (9.5%) ಅದರ ಮಾದರಿ. ಟ್ರಿಪೆಲಿನ ಬಣ್ಣ ಒಂದು ಎಳೆ ಗಾಢ, ಮಾಲ್ಟಿನ ಮೈ (ಬಾಯಿಗೆ ತುಂಬುವ ಭಾರ) ಹೆಚ್ಚು, ಲವಂಗ-ಮೆಣಸಿನ ಘಮ ಮುಂದು. ಗೋಲ್ಡನ್ ಸ್ಟ್ರಾಂಗಿನಲ್ಲಿ ಹಣ್ಣು ಮುಂದು, ಮೈ ಹಗುರ, ಕೊನೆ ಇನ್ನೂ ಡ್ರೈ, ಅಂದರೆ ಸಿಹಿ ಉಳಿಯದ್ದು.

ಪ್ರಶ್ನೆ: ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ವಾಸನೆಯೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಸುರಿದರೆ ಗ್ಲಾಸು ತುಂಬ ನೊರೆ, ಟೇಬಲ್ ಮೇಲೆಲ್ಲ ಚೆಲ್ಲುತ್ತದೆ. ಯಾವುದು ಸರಿ?
– ಗೃಹಿಣಿಯೊಬ್ಬರು, ಮಾಟುಂಗ

ಉತ್ತರ: ಕುಡಿಯಲು 5ರಿಂದ 10 ಡಿಗ್ರಿ, ರುಚಿ ಅಳೆಯಲು 8ರಿಂದ 10. ಮನೆಯ ಫ್ರಿಜ್ಜು ಸಾಮಾನ್ಯವಾಗಿ 4ರ ಹತ್ತಿರ ಇರುತ್ತದೆ. ಅಷ್ಟು ತಂಪಿನಲ್ಲಿ ಪರಿಮಳ ಮೇಲೇಳುವುದಿಲ್ಲ. ಮುಂಬಯಿಯ ಸೆಖೆಯಲ್ಲಿ ಸೀಸೆಯನ್ನು ಹೊರಗಿಟ್ಟ ಹತ್ತು-ಹದಿನೈದು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ನೀವು ಹೇಳಿದ ಅವಾಂತರವೇ ಆಗುವುದು: ಬೆಚ್ಚಗಾದಷ್ಟೂ ಗ್ಯಾಸು ನಿಲ್ಲುವುದಿಲ್ಲ. ಮಾಮೂಲಿ ಬಿಯರಿನಲ್ಲಿ ಬಿಯರಿನ ಎರಡೂವರೆ ಪಟ್ಟು ಗಾತ್ರದ ಗ್ಯಾಸಿದ್ದರೆ ಇದರಲ್ಲಿ ಮೂರೂವರೆಯಿಂದ ನಾಲ್ಕು ಪಟ್ಟು. ಹಾಗಾಗಿ 330 ಮಿಲಿ ಸೀಸೆಗೆ ಅರ್ಧ ಲೀಟರ್ ಹಿಡಿಯುವ, ಹೊಟ್ಟೆ ಅಗಲ ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸು ಬೇಕು. ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿರಿ, ಗಸಿ ತಳಕ್ಕೆ ಕೂರಲಿ.

ಗ್ಲಾಸಿನ ವಿಷಯ ಬಹಳ ಮುಖ್ಯ. ಹಾಲು, ಮಜ್ಜಿಗೆ ಕುಡಿದ ಗ್ಲಾಸಿನಲ್ಲಿ ಕಣ್ಣಿಗೆ ಕಾಣದ ಜಿಡ್ಡಿರುತ್ತದೆ, ಅದು ನೊರೆಯನ್ನು ಕೊಲ್ಲುತ್ತದೆ. ತೊಳೆದ ಗ್ಲಾಸಿಗೆ ನೀರು ತುಂಬಿ ಚೆಲ್ಲಿ, ಬೆಳಕಿಗೆ ಹಿಡಿದು ನೋಡಿ. ನೀರು ಹಾಳೆಯಂತೆ ಒಂದೇ ಸಮ ಇಳಿದರೆ ಗ್ಲಾಸು ಚೊಕ್ಕಟ. ಹನಿಹನಿಯಾಗಿ ಒಡೆದು ಅಲ್ಲಲ್ಲಿ ನಿಂತರೆ ಜಿಡ್ಡಿದೆ. ಸೋಪಿನಲ್ಲಿ ಉಜ್ಜಿ, ಬರಿ ನೀರಿನಲ್ಲಿ ಮೂರು ಸಲ ಜಾಲಾಡಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ. ಸುರಿಯುವ ಮುನ್ನ ತಣ್ಣೀರಿನಲ್ಲಿ ಒಮ್ಮೆ ನೆನೆಸಿ ಚೆಲ್ಲಿ. ಗ್ಲಾಸನ್ನು ಅರ್ಧ ಓರೆ ಹಿಡಿದು ಗೋಡೆಗುಂಟ ನಿಧಾನ ಸುರಿಯಿರಿ, ಮುಕ್ಕಾಲು ಆದ ಮೇಲೆ ನೆಟ್ಟಗೆ ಮಾಡಿ. ಸೀಸೆಯಲ್ಲಿ ಒಂದು ಸೆಂಟಿಮೀಟರು ಉಳಿಸಿ ನಿಲ್ಲಿಸಿ. ಮೂರು ಬೆರಳು ನೊರೆ ಬಂದರೆ ತಪ್ಪಲ್ಲ, ಬರಲೇಬೇಕು. ಬಿಳಿಯಾಗಿ, ಒತ್ತಾಗಿ ನಿಂತು, ಕುಡಿದಂತೆಲ್ಲ ಗಾಜಿಗೆ ಬಲೆಯಂತೆ ಅಂಟುತ್ತ ಇಳಿಯಬೇಕು.

ಪ್ರಶ್ನೆ: ನಾನು ಕೆಲಸ ಮಾಡುವ ಟ್ಯಾಪ್‌ರೂಮಿನಲ್ಲಿ ಈ ಏಲ್ ತಯಾರಿಸಿದ್ದೇವೆ. ಘಮ ಚೆನ್ನಾಗಿದೆ, ಆದರೆ ಅರ್ಧ ಗ್ಲಾಸಿಗೇ ಸಾಕೆನಿಸುತ್ತದೆ, ಬಾಯಲ್ಲಿ ಸಿಹಿ ಉಳಿಯುತ್ತದೆ. ಜೊತೆಗೆ ಗಂಟಲು ಸುಡುತ್ತದೆ ಎಂದು ಕೆಲವರ ದೂರು. ಶುರುವಿನ ಗ್ರ್ಯಾವಿಟಿ 1.074, ಕೊನೆಯದು 1.018.
– ಬ್ರೂವರಿ ಸಹಾಯಕ, ಪುಣೆ

ಉತ್ತರ: ರೋಗ ನಿಮ್ಮ ಅಂಕಿಯಲ್ಲೇ ಇದೆ. ಗ್ರ್ಯಾವಿಟಿ ಎಂದರೆ ನೀರನ್ನು 1.000 ಎಂದು ಹಿಡಿದು ಅಳೆದ ಸಾಂದ್ರತೆ, ಸಕ್ಕರೆ ಹೆಚ್ಚಿದ್ದಷ್ಟೂ ಅದು ಹೆಚ್ಚು. 1.074ರ ಆ 74ರಲ್ಲಿ ಯೀಸ್ಟು ತಿಂದದ್ದು 56, ಅಂದರೆ ಶೇ. 76. ಬಲ ಸುಮಾರು 7.3%. ಈ ಬಗೆಗೆ ಕೊನೆಯ ಗ್ರ್ಯಾವಿಟಿ 1.008ರ ಹತ್ತಿರ ಬರಬೇಕು. ಆಗ ತಿಂದದ್ದು ಶೇ. 89, ಬಲ ಸುಮಾರು 8.7%. ಬಲ ಏರಿಯೂ ಬಾಯಿಗೆ ಹಗುರಾಗುವುದೇ ಈ ಏಲಿನ ಜಾಣ್ಮೆ. ಕೊನೆಯಲ್ಲಿ ಸಿಹಿ ಉಳಿದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ನಾವು ಒಳ್ಳೆಯ ಅಂಕ ಕೊಡುವುದಿಲ್ಲ. ಪರೀಕ್ಷೆ ಸುಲಭ: ಒಂದು ಗುಟುಕು ನುಂಗಿ, ಹತ್ತು ಎಣಿಸಿ, ತುಟಿಗೆ ತುಟಿ ತಾಗಿಸಿ. ಅಂಟಿದರೆ ಸಕ್ಕರೆ ಉಳಿದಿದೆ.

ಮೊದಲು ಅಳತೆ ಸರಿಯೇ ನೋಡಿ. ಗ್ಯಾಸಿರುವ ಬಿಯರಿನಲ್ಲಿ ಹೈಡ್ರೋಮೀಟರ್ (ಗ್ರ್ಯಾವಿಟಿ ಅಳೆಯುವ ತೇಲುಗೊಳವೆ) ಇಳಿಬಿಟ್ಟರೆ ಗುಳ್ಳೆಗಳು ಅಂಟಿಕೊಂಡು ಅದನ್ನು ಎತ್ತಿ ಹಿಡಿಯುತ್ತವೆ, ಅಂಕಿ ಹೆಚ್ಚು ತೋರುತ್ತದೆ. ಎರಡು ಲೋಟಗಳ ನಡುವೆ ಹತ್ತಾರು ಸಲ ಎತ್ತಿ ಸುರಿದು ಗ್ಯಾಸು ಬಿಡಿಸಿ, 20 ಡಿಗ್ರಿಯಲ್ಲಿ ಅಳೆಯಿರಿ. ಬಿಯರು 30 ಡಿಗ್ರಿ ಇದ್ದರೆ ಅಂಕಿ 0.002ರಷ್ಟು ಕಡಿಮೆ ತೋರುತ್ತದೆ.

ಆಮೇಲೂ 1.018 ಬಂದರೆ ತಪ್ಪು ಯೀಸ್ಟಿನದೋ, ಮಾಲ್ಟಿನಿಂದ ತೆಗೆದ ಸಿಹಿ ರಸದ್ದೋ ಎಂದು ಬೇರ್ಪಡಿಸಬೇಕು. 300 ಮಿಲಿ ತೆಗೆದು, ಚುರುಕಾದ ಯೀಸ್ಟನ್ನು ಧಾರಾಳ ಹಾಕಿ, ಗಾಳಿಬೀಗ ಹಾಕಿದ ಫ್ಲಾಸ್ಕಿನಲ್ಲಿ 26 ಡಿಗ್ರಿಯಲ್ಲಿ ಇಟ್ಟು ಆಗಾಗ ಕುಲುಕಿ. ಎರಡು-ಮೂರು ದಿನದಲ್ಲಿ ಅಂಕಿ ಇನ್ನೂ ಇಳಿದರೆ ಯೀಸ್ಟು ನಡುವೆ ಮಲಗಿತ್ತು ಎಂದರ್ಥ. ಹಾಕಿದ್ದು ಸಾಲಲಿಲ್ಲ, ಶುರುವಿನಲ್ಲಿ ಆಮ್ಲಜನಕ ಸಾಲಲಿಲ್ಲ, ಅಥವಾ ನೊರೆ ಇಳಿಯಿತೆಂದು ಚಿಲ್ಲರ್ ಬೇಗ ಹಾಕಿದಿರಿ. ಈ ಕೊನೆಯ ತಪ್ಪೇ ಹೆಚ್ಚು. ಅಂಕಿ ಇಳಿಯದಿದ್ದರೆ ದೋಷ ರಸದ್ದು: ಮ್ಯಾಶನ್ನು (ಬಿಸಿನೀರಿನಲ್ಲಿ ನೆನೆಸಿದ ಮಾಲ್ಟನ್ನು) 68–69 ಡಿಗ್ರಿಯಲ್ಲಿ ಹಿಡಿದಿರುತ್ತೀರಿ, ಅಲ್ಲಿ ಯೀಸ್ಟು ತಿನ್ನಲಾರದ ಸಕ್ಕರೆ ಹೆಚ್ಚುತ್ತದೆ. 63–65ಕ್ಕೆ ಇಳಿಸಿ, 75ರಿಂದ 90 ನಿಮಿಷ ಕೊಡಿ. ರಸದಲ್ಲಿ ಕರಗಿದ ಒಟ್ಟು ಸಾರದ ಶೇ. 15ರಷ್ಟು ಸಾದಾ ಸಕ್ಕರೆಯಿಂದ ಬರಲಿ, 100 ಲೀಟರಿಗೆ ಸುಮಾರು 3 ಕೆ.ಜಿ. ಡೆಕ್ಸ್‌ಟ್ರೋಸ್ (ಗ್ಲೂಕೋಸ್). ಸಕ್ಕರೆ ಹಾಕಿದರೆ ಇನ್ನೂ ಸಿಹಿಯಾಗದೇ ಎಂದು ಹೆದರಬೇಡಿ. ಯೀಸ್ಟು ಅದನ್ನು ಪೂರ್ತಿ ತಿನ್ನುತ್ತದೆ, ಆಲ್ಕೊಹಾಲ್ ಉಳಿಯುತ್ತದೆ, ಮೈ ತೆಳುವಾಗುತ್ತದೆ. ಬೆಲ್ಲ ಮಾತ್ರ ಬೇಡ, ಬಣ್ಣವನ್ನೂ ತನ್ನ ರುಚಿಯನ್ನೂ ಬಿಡುತ್ತದೆ.

ಇನ್ನು ಗಂಟಲು ಸುಡುವುದು. ಆಲ್ಕೊಹಾಲಿನ ಹಿತವಾದ ಬಿಸಿ ನುಂಗಿದ ಮೇಲೆ ಎದೆಯಲ್ಲಿ ಗೊತ್ತಾಗಬೇಕು. ಮೂಗಿನಲ್ಲೇ ಸ್ಪಿರಿಟಿನ ಘಾಟು, ಗಂಟಲಲ್ಲಿ ಉರಿ ಬಂದರೆ ಅದು ಫ್ಯೂಸೆಲ್ ಎಂಬ ಒರಟು ಆಲ್ಕೊಹಾಲು. ನೇಲ್ ಪಾಲಿಷ್ ಅಳಿಸುವ ದ್ರಾವಣದ ವಾಸನೆ ಬಂದರೆ ಈಥೈಲ್ ಅಸಿಟೇಟ್. ಎರಡೂ ಮೊದಲ ಎರಡು ದಿನದ ಸೆಖೆಯ ಫಲ. 18 ಡಿಗ್ರಿಯಲ್ಲಿ ಯೀಸ್ಟು ಹಾಕಿ, ಎರಡು ದಿನ 20 ದಾಟಲು ಬಿಡಬೇಡಿ, ಆಮೇಲೆ ದಿನಕ್ಕೆ ಒಂದೆರಡು ಡಿಗ್ರಿಯಂತೆ 25–26ಕ್ಕೆ ಏರಿಸಿ. ಗ್ರ್ಯಾವಿಟಿ ಮೂರು ದಿನ ಅಲುಗದೆ ನಿಲ್ಲುವ ತನಕ ತಂಪು ಮಾಡಬೇಡಿ. ಅಳೆಯಬೇಕಾದದ್ದು ಕೋಣೆಯ ಉಷ್ಣತೆಯಲ್ಲ, ಟ್ಯಾಂಕಿನೊಳಗಿನದು. ಹುದುಗು ಜೋರಾಗಿದ್ದಾಗ ಅದು ಹಲವು ಡಿಗ್ರಿ ಮೇಲಿರುತ್ತದೆ.

ಪ್ರಶ್ನೆ: ಎಂಟು ಮಂದಿ ಗೆಳೆಯರು ಸೇರಿ ಅಂಕ ಹಾಕುತ್ತೇವೆ. ಎಲ್ಲದಕ್ಕೂ ಎಲ್ಲರೂ 50ಕ್ಕೆ 42, 43 ಕೊಡುತ್ತಾರೆ. ಇದನ್ನು ತಿದ್ದುವುದು ಹೇಗೆ?
– ಗೆಳೆಯರ ಬಳಗ, ಡೊಂಬಿವಲಿ

ಉತ್ತರ: ಒಬ್ಬರು ಬಾಯಿಬಿಟ್ಟರೆ ಉಳಿದವರ ಅಂಕ ಅತ್ತ ವಾಲುತ್ತದೆ. ಬರೆದು ಮುಗಿಯುವ ತನಕ ಮಾತು ಬೇಡ. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಅಂಕದ ಹಾಳೆಯಂತೆ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೊರೆ ಎಷ್ಟು ಚೆಂದವಿದ್ದರೂ ನೋಟಕ್ಕೆ ಮೂರೇ ಅಂಕ ಎಂಬುದು ನೆನಪಿರಲಿ. 45ರಿಂದ ಮೇಲೆ ಅಪರೂಪದ್ದು, 38ರಿಂದ 44 ಅತ್ಯುತ್ತಮ, 30ರಿಂದ 37 ತುಂಬ ಒಳ್ಳೆಯದು, 21ರಿಂದ 29 ಪರವಾಗಿಲ್ಲ. 42 ಕೊಟ್ಟವರು ಎಲ್ಲಿ 8 ಅಂಕ ಕಡಿದೆ ಎಂದು ಪದಗಳಲ್ಲಿ ಬರೆಯಲಿ, ಅರ್ಧ ರೋಗ ಅಲ್ಲೇ ವಾಸಿ. ಇಬ್ಬರ ನಡುವೆ 7ಕ್ಕಿಂತ ಹೆಚ್ಚು ಅಂತರ ಬಂದರೆ ಇನ್ನೊಮ್ಮೆ ಮೂಸಿ, ಮಾತಾಡಿ ಹೊಂದಿಸಿ.

ಸುರಿಯುವವರು ಬೇರೆ ಕೋಣೆಯಲ್ಲಿರಲಿ, ಗ್ಲಾಸಿನ ತಳಕ್ಕೆ ಅಕ್ಷರ ಬರೆದು ಕಳಿಸಲಿ. ಗ್ಲಾಸು ಬಂದ ಕೂಡಲೇ ಮೂಸಿ, ಕಣ್ಣಿನ ಕೆಲಸ ಆಮೇಲೆ. ಗಂಧಕದಂಥ ಕೆಲವು ವಾಸನೆ ಒಂದು ನಿಮಿಷದಲ್ಲಿ ಹಾರಿಹೋಗುತ್ತವೆ. ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ, ಅತ್ತರು, ಮಲ್ಲಿಗೆ ಬೇಡ. ಬಾಯಿ ತಿಳಿಮಾಡಲು ನೀರು ಮತ್ತು ಬರಿ ಪಾವ್ ಸಾಕು, ಚಕ್ಕುಲಿ-ಸೇವ್ ಎಲ್ಲ ಮುಗಿದ ಮೇಲೆ. ಅಭ್ಯಾಸಕ್ಕೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಬೇರೆಯದನ್ನು ಗುರುತಿಸಲಾರದವರು ಆ ಎರಡರ ನಡುವೆ ಅಂಕದ ಅಂತರ ಕೊಡುವುದರಲ್ಲಿ ಅರ್ಥವಿಲ್ಲ.

ಒಂದು ಸ್ಯಾಂಪಲ್ 50 ಮಿಲಿ ಮೀರದಿರಲಿ. 8.5%ರ ಎಂಟು ಸ್ಯಾಂಪಲ್ ನುಂಗಿದರೆ 34 ಮಿಲಿ ಶುದ್ಧ ಆಲ್ಕೊಹಾಲ್. ವಿಸ್ಕಿಯ ಲೆಕ್ಕದಲ್ಲಿ 30 ಮಿಲಿಯ ಎರಡೂವರೆ ಪೆಗ್ಗಿಗೂ ಹೆಚ್ಚು. ನಾಲಿಗೆ ಮಂದವಾಗುವ ಮೊದಲೇ ಆರಕ್ಕೆ ನಿಲ್ಲಿಸುವುದು ವಾಸಿ. ಸ್ಕೂಟರು, ಕಾರು ಮನೆಯಲ್ಲೇ ಇರಲಿ.

ಪ್ರಶ್ನೆ: ಒಂದೇ ಬ್ರ್ಯಾಂಡಿನ ಎರಡು ಸೀಸೆ ತಂದೆ. ಒಂದು ಚೆನ್ನಾಗಿತ್ತು, ಇನ್ನೊಂದು ಒದ್ದೆ ರಟ್ಟಿನ ವಾಸನೆ. ಮೋಸವೇ?
– ಓದುಗರೊಬ್ಬರು, ಮಡಗಾಂವ್

ಉತ್ತರ: ಮೋಸವಿರಲಾರದು, ಸೆಖೆ. ಒದ್ದೆ ರಟ್ಟು, ಹಳೆ ಕಾಗದದ ವಾಸನೆ ಎಂದರೆ ಆಮ್ಲಜನಕ ತಾಗಿ ಹಳತಾದ ಬಿಯರು. ಶಾಖ ಅದನ್ನು ಬೇಗ ಮಾಡುತ್ತದೆ. ಗೋವಾದ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಕೆಲವು ದಿನ ಬಿಟ್ಟ ಸೀಸೆ ತಿಂಗಳುಗಟ್ಟಲೆ ವಯಸ್ಸಾದಂತೆ ಆಡುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಸೀಸೆಯಲ್ಲಿ ಸುಟ್ಟ ರಬ್ಬರಿನಂಥ ಕಟುವಾಸನೆ ಬಂದರೆ ಅದು ಬೆಳಕಿನ ಏಟು: ಹಾಪ್ಸಿನ ಕಹಿ ಬಿಸಿಲಿನಲ್ಲಿ ಒಡೆದು ಗಂಧಕದೊಂದಿಗೆ ಸೇರುತ್ತದೆ. ನೇರ ಬಿಸಿಲಿಗೆ ನಿಮಿಷಗಳು ಸಾಕು. ಅಂಗಡಿಯ ಕಿಟಕಿಯಲ್ಲಿ ಮೆರೆಯುವ ಸೀಸೆ ಬಿಟ್ಟು, ಪೆಟ್ಟಿಗೆಯೊಳಗಿನದನ್ನು ಕೇಳಿ ಪಡೆಯಿರಿ.

ಪ್ರಶ್ನೆ: ತಳದ ಗಸಿ ಕುಡಿಯಬಹುದೇ?
– ಓದುಗರೊಬ್ಬರು, ವಾಸ್ಕೊ

ಉತ್ತರ: ಕುಡಿಯಬಹುದು, ಅದು ಯೀಸ್ಟು. ಕೆಲವರ ಹೊಟ್ಟೆ ಅದರಿಂದ ಸಡಿಲವಾಗುತ್ತದೆ. ತೀರ್ಪಿಗೆ ಮಾತ್ರ ತಿಳಿಯಾದ ಭಾಗವೇ ಬೇಕು. ಗಸಿ ಬೆರೆತರೆ ಬಣ್ಣ ಮಸುಕಾಗಿ, ಹಸಿ ಬ್ರೆಡ್ ಹಿಟ್ಟಿನ ರುಚಿ ಹಣ್ಣಿನ ಘಮವನ್ನು ಮುಚ್ಚುತ್ತದೆ. ಅದನ್ನು ಬೇರೆ ಸಣ್ಣ ಲೋಟಕ್ಕೆ ಬಸಿದು ಕೊನೆಯಲ್ಲಿ ಮೂಸಿ: ಹಿಟ್ಟಿನ ವಾಸನೆ ಇದ್ದರೆ ಯೀಸ್ಟು ಆರೋಗ್ಯವಾಗಿತ್ತು, ಸೋಯಾ ಸಾಸಿನಂಥ ವಾಸನೆ ಬಂದರೆ ಸತ್ತು ಕೊಳೆಯತೊಡಗಿದೆ.