ಲೇತ್ ತಗೊಳ್ಳಿ, ಬಂದೂಕಿನ ಗುಂಡಿನ ಸಹವಾಸ ಈಗ ಬೇಡ

ಅಮೆರಿಕಕ್ಕೆ ಬಂದು ಐದು ತಿಂಗಳಾಯಿತು, ಎಚ್‌1ಬಿ ವೀಸಾದಲ್ಲಿದ್ದೇನೆ ಅಂತ ಬರೆದಿದ್ದೀರಿ. ಆಫೀಸಿನ ಗೆಳೆಯರೊಬ್ಬರು ಗ್ಯಾರೇಜಿನಲ್ಲಿ ಸಣ್ಣ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ, ಇಟ್ಟುಕೊಂಡು ತಮ್ಮ ಬಂದೂಕಿಗೆ ತಾವೇ ತಾಮ್ರದ ಗುಂಡು ಕಡೆಯುತ್ತಾರಂತೆ. ನಿಮಗೂ ಆಸೆ ಬಂದಿದೆ, ಯಾವ ಲೇತ್ ಒಳ್ಳೆಯದು ಅಂತ ಕೇಳಿದ್ದೀರಿ.

ಲೇತ್ ಖಂಡಿತ ತಗೊಳ್ಳಿ. ಆದರೆ ಗುಂಡು ಮಾಡಬೇಡಿ. ನಿಮ್ಮ ಗೆಳೆಯರು ಇಲ್ಲಿನ ಪ್ರಜೆ, ಅವರ ಲೆಕ್ಕ ಬೇರೆ. ನಮ್ಮಂತೆ ಕೆಲಸದ ವೀಸಾದಲ್ಲಿ ಬಂದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು 1998ರಿಂದ ತಡೆದಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಬಂದಮೇಲೆ ಈ ತಡೆ ಇರುವುದಿಲ್ಲ. ಮದ್ದು ತುಂಬದ ಬರೀ ಲೋಹದ ತುಂಡು ತಾನೇ ಅಂತ ಅನಿಸಬಹುದು. ಆ ಕಾನೂನಿನಲ್ಲಿ ಖಾಲಿ ತೋಟಾ, ಬರೀ ಗುಂಡು ಎಲ್ಲವೂ ಮದ್ದುಗುಂಡೇ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು, ಗಡೀಪಾರೂ ಆಗಬಹುದು. ಹವ್ಯಾಸಕ್ಕೋಸ್ಕರ ಇಷ್ಟು ಕಷ್ಟಪಟ್ಟು ಬಂದ ದಾರಿ ಹಾಳು ಮಾಡಿಕೊಳ್ಳಬೇಡಿ. ನಾನೂ ಗ್ರೀನ್ ಕಾರ್ಡ್ ಬರುವ ತನಕ ಆ ಕಡೆ ತಲೆ ಹಾಕಲಿಲ್ಲ.

ಈಗ ಲೇತ್ ವಿಷಯ. ಇಲ್ಲಿ ಮನೆಗೆ ಹೆಚ್ಚಾಗಿ ತಗೊಳ್ಳುವುದು '7 ಬೈ 12' ಅಥವಾ '7 ಬೈ 14'. ಬೆಡ್, ಅಂದರೆ ಲೇತಿನ ಉದ್ದದ ತಳಪಾಯದ ಮೇಲೆ 7 ಇಂಚು ಅಗಲದ ತುಂಡು ತಿರುಗುತ್ತದೆ, ತುಂಡನ್ನು ಎರಡೂ ತುದಿಯಲ್ಲಿ ಹಿಡಿಯುವ 'ಸೆಂಟರ್' ಎಂಬ ಮೊನೆಗಳ ನಡುವೆ 12 ಅಥವಾ 14 ಇಂಚು ಜಾಗ ಅಂತ ಅರ್ಥ. ಈ ಅಂಕಿ ನೋಡಿ ಮೋಸ ಹೋಗಬೇಡಿ. ತುಂಡನ್ನು ಬಿಗಿಯಾಗಿ ಹಿಡಿಯುವ ಚಕ್ ಹಾಕಿ, ಅದರ ಎದುರು ತುದಿಯಲ್ಲಿರುವ ಟೈಲ್‌ಸ್ಟಾಕ್‌ಗೆ ಡ್ರಿಲ್ ಬಿಟ್ ಹಿಡಿಯುವ ಡ್ರಿಲ್ ಚಕ್ ಸಿಕ್ಕಿಸಿ, ಅದಕ್ಕೊಂದು ಉದ್ದದ ಡ್ರಿಲ್ ಬಿಟ್ ಹಾಕಿ ನೋಡಿ. ಕೆಲಸಕ್ಕೆ ಉಳಿಯುವುದು ಗೇಣುದ್ದವೂ ಅಲ್ಲ. ಅದಕ್ಕೇ ಜಾಗ ಇದ್ದರೆ 14 ಇಂಚಿನದೇ ವಾಸಿ. ಅಪಾರ್ಟ್‌ಮೆಂಟ್ ಆದರೆ ಶೆರ್‌ಲೈನ್ ಅಥವಾ ಟೇಗ್ ಕಂಪನಿಯ ಲೇತ್ ನೋಡಿ. ಮೇಜಿನ ಮೇಲೆ ಕೂರುವಂಥವು, ಒಬ್ಬರೇ ಎತ್ತಿಡಬಹುದು. ಆದರೆ ಸ್ಟೀಲ್ ಕಡೆಯುವಾಗ ಸ್ವಲ್ಪ ಸ್ವಲ್ಪವೇ ತೆಗೆಯಬೇಕು.

ಅಳತೆ ನಿಮಗೆ ಮೊದಮೊದಲು ತಲೆನೋವು ಕೊಡುತ್ತದೆ. ಇಲ್ಲಿ ಎಲ್ಲರೂ 'ಥೌ' ಅಂತಾರೆ, ಇಂಚಿನ ಸಾವಿರದಲ್ಲೊಂದು ಭಾಗ. ಒಂದು ಮಿಲಿಮೀಟರ್ ಅಂದರೆ ಸುಮಾರು 39 ಥೌ. ಟೂಲನ್ನು ಮುಂದೆ ತಳ್ಳುವ ಹಿಡಿಯ ಮೇಲಿನ ಅಂಕಿಚಕ್ರ, ಅಂದರೆ ಡಯಲ್, ಇಂಚಿನದೋ ಮಿಲಿಮೀಟರಿನದೋ ಕೇಳಿಯೇ ತಗೊಳ್ಳಿ. ಇನ್ನೊಂದು, ಡಯಲ್ ಒಂದು ಥೌ ಮುಂದೆ ಹೋದರೆ ಕೆಲವು ಲೇತಿನಲ್ಲಿ ವ್ಯಾಸ ಎರಡು ಥೌ ಇಳಿಯುತ್ತದೆ, ಕೆಲವದರಲ್ಲಿ ಒಂದೇ. ನಾನು ಇದು ತಿಳಿಯದೆ ಒಳ್ಳೆಯ ಹಿತ್ತಾಳೆ ಸರಳು ಒಂದನ್ನು ಸಣ್ಣಗೆ ಮಾಡಿ ಹಾಳು ಮಾಡಿದ್ದೆ.

ದುಡ್ಡೆಲ್ಲ ಲೇತಿಗೇ ಸುರಿಯಬೇಡಿ. ಟೂಲು, ಚಕ್ಕು, ಅಳತೆಗೆ ಕ್ಯಾಲಿಪರ್ ಅಂತ ಜಾಸ್ತಿಯೇ ಬೇಕಾಗುತ್ತದೆ.

ಚಕ್ ಬಿಗಿ ಮಾಡುವ ಕೀ ಮಾತ್ರ ಕೈಯಲ್ಲೇ ಇರಲಿ, ಚಕ್ಕಿನಲ್ಲಿ ಬಿಡಲೇಬೇಡಿ. ಒಂದು ರಾತ್ರಿ ನಾನು ಮರೆತು ಸ್ವಿಚ್ ಒತ್ತಿದೆ. ಕೀ ಹಾರಿ ಹೋಗಿ ಗೋಡೆಯ ಹಲಗೆಯಲ್ಲಿ ತೂತು ಮಾಡಿತು, ನನ್ನ ಕಿವಿಯಿಂದ ಮೊಳ ದೂರದಲ್ಲಿ. ಗ್ಲೌಸ್ ಬೇಡ, ತೋಳು ಮಡಚಿ, ಕನ್ನಡಕ ಹಾಕಿ.

ಗುಂಡಿನ ಆಕಾರದ್ದೇನಾದರೂ ಕಡೆಯಬೇಕು ಅನ್ನಿಸಿದರೆ ಹಿತ್ತಾಳೆಯ ತೂಗುಗುಂಡು ಮಾಡಿ. ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಗೋಡೆ ನೆಟ್ಟಗಿದೆಯಾ ಅಂತ ನೋಡುತ್ತಾರಲ್ವಾ, ಅದು. ಮೊನೆ ಸರಿಯಾಗಿ ನಡುವಿಗೆ ಬಂದರೆ ನಿಮ್ಮ ಲೇತೂ ಕೈಯೂ ಕೂಡಿಕೊಂಡಿವೆ ಅಂತಲೇ ಲೆಕ್ಕ. ಆದ ಮೇಲೆ ಒಂದು ಫೋಟೋ ಕಳಿಸಿ.